ಲಂಡನ್‌ನಲ್ಲಿ ಲಯನ್ ಕಿಂಗ್ ಮ್ಯೂಸಿಕಲ್: ಐದಕ್ಕೆ ನಾಲ್ಕೂವರೆ ಸ್ಟಾರ್

ಲಂಡನ್‌ಗೆ ಬರೋರು ಯಾರಾದ್ರೂ ಇದ್ರೆ ಒಂದು ಸಂಜೆ ಲೈಸಿಯಂ ಥಿಯೇಟರ್‌ಗೆ ಅಂತ ಎತ್ತಿಟ್ಕೊಳ್ಳಿ, ಕೋವೆಂಟ್ ಗಾರ್ಡನ್ ಸ್ಟೇಷನ್ನಿಂದ ನಡ್ಕೊಂಡೇ ಹೋಗ್ಬೋದು. 1999ರಿಂದ ಅಲ್ಲೇ ನಡೀತಿದೆ ಈ ಹಾಡು-ಕುಣಿತದ ನಾಟಕ. ಕತೆ ಹೊಸದೇನಲ್ಲ, ಮನೇಲಿ ಮಕ್ಕಳಿದ್ರಂತೂ ಡಿಸ್ನಿ ಸಿನಿಮಾ ಬಾಯಿಪಾಠ ಆಗಿರುತ್ತೆ, ನಾನೂ ಅದೇ ಧೈರ್ಯದ ಮೇಲೆ ಆರಾಮಾಗಿ ಕೂತಿದ್ದೆ.

ರಫೀಕಿ ಅನ್ನೋ ಕೋತಿ ಪಾತ್ರದ ಹೆಂಗಸು ಒಬ್ರೇ ಬಂದು ನಿಂತು ದಕ್ಷಿಣ ಆಫ್ರಿಕಾದ ಜೂಲು ಭಾಷೇಲಿ ಕೂಗಿ ಹಾಡೋಕೆ ಶುರು ಮಾಡಿದ್ರು ನೋಡಿ, ಮೈಯೆಲ್ಲಾ ಜುಮ್ ಅಂತು. ಒಂದಕ್ಷರ ಅರ್ಥ ಆಗ್ಲಿಲ್ಲ, ಆಗೋದೂ ಬೇಡ. ಸ್ಟೇಜಿನ ಎರಡೂ ಪಕ್ಕದ ಬಾಕ್ಸ್‌ನಲ್ಲಿ ಡ್ರಮ್ ಬಾರಿಸೋರು ಕೂತಿರ್ತಾರೆ, ಆ ಸದ್ದು ಕಿವಿಗಲ್ಲ ಸೀದಾ ಎದೆಗೇ ಬರೋದು, ಹಿಂದೆ ರೇಷ್ಮೆ ಪಟ್ಟಿಗಳಿಂದ ಮಾಡಿದ ಸೂರ್ಯ ಮೇಲೇಳ್ತಾನೆ, ಜಿರಾಫೆಗಳು ಬರ್ತವೆ, ಅಷ್ಟ್ರಲ್ಲಿ ಜನ ಕೂತಿರೋ ಸಾಲುಗಳ ಮಧ್ಯದಿಂದಾನೇ ಆನೆ! ಟಿಕೆಟ್ ರೇಟ್ ನೋಡಿ ದಾರಿಯುದ್ದಕ್ಕೂ ಗೊಣಗ್ತಾ ಬಂದಿದ್ದ ನಮ್ಮೆಜಮಾನ್ರು ಇಂಟರ್ವಲ್‌ವರೆಗೂ ತುಟಿ ಬಿಚ್ಚಿಲ್ಲ.

ಇಲ್ಲಿ ಯಾವುದನ್ನೂ ಮುಚ್ಚಿಡಲ್ಲ. ಜಿರಾಫೆ ಅಂದ್ರೆ ಕೈಗೂ ಕಾಲಿಗೂ ಕೋಲು ಕಟ್ಕೊಂಡ ಮನುಷ್ಯ, ಮುಖ ನಮಗೆ ಕಾಣ್ತಾನೇ ಇರುತ್ತೆ. ಸಿಂಹದ ಮುಖವಾಡ ನಟನ ತಲೆ ಮೇಲಿರುತ್ತೆ, ಕೆಳಗೆ ಅವ್ನ ಸ್ವಂತ ಮುಖ. ನಿರ್ದೇಶಕಿ ಜೂಲಿ ಟೇಮರ್ ಹರೆಯದಲ್ಲಿ ಇಂಡೋನೇಷ್ಯಾದಲ್ಲಿ ವರ್ಷಗಟ್ಲೆ ಇದ್ದು ಅಲ್ಲಿನ ಗೊಂಬೆಯಾಟ, ಮುಖವಾಡ ಎಲ್ಲಾ ಹತ್ತಿರದಿಂದ ನೋಡಿದೋರು, ಈ ನಾಟಕಕ್ಕೇ 1998ರಲ್ಲಿ ಅವ್ರಿಗೆ ಅಮೆರಿಕದ ದೊಡ್ಡ ನಾಟಕ ಪ್ರಶಸ್ತಿ ಟೋನಿ ಬಂತು, ಮ್ಯೂಸಿಕಲ್ ನಿರ್ದೇಶನಕ್ಕೆ ಅದನ್ನ ಗೆದ್ದ ಮೊದಲ ಹೆಂಗಸು ಅವ್ರೇ. ಯಕ್ಷಗಾನ ನೋಡಿ ಬೆಳೆದೋರಿಗೆ ಇದು ತಕ್ಷಣ ಹಿಡಿಸುತ್ತೆ, ತೆರೆ ಹಿಡ್ಕೊಂಡೋರು ಕಣ್ಮುಂದೇನೇ ನಿಂತಿದ್ರೂ ನಮಗೆ ಕಾಣೋದು ಅದರ ಹಿಂದಿರೋ ರಾಕ್ಷಸ ಮಾತ್ರ ಅಲ್ವಾ.

ಸಿಂಹರಾಜ ಮುಫಾಸ ಸತ್ತಾಗ ಹೆಣ್ಣು ಸಿಂಹಗಳು ತಮ್ಮ ಕಣ್ಣಿಂದ ಉದ್ದುದ್ದ ಬಿಳಿ ಬಟ್ಟೆ ಪಟ್ಟಿ ಎಳೀತಾರೆ, ಅದೇ ಕಣ್ಣೀರು. ಬಟ್ಟೆ ಅಂತ ಗೊತ್ತು, ಎಲ್ಲಿ ಸಿಕ್ಕಿಸಿದಾರೆ ಅಂತಾನೂ ಹುಡುಕ್ತಾ ಇದ್ದೆ, ಹುಡುಕ್ತಾ ಹುಡುಕ್ತಾನೇ ಗಂಟಲು ಕಟ್ಕೊಂಡ್ತು. ಸಿನಿಮಾದಲ್ಲಿ ಇದೇ ಸೀನ್‌ಗೆ ನಾನು ಅತ್ತವಳಲ್ಲ. ಅಲ್ಲಿ ಎಲ್ಲಾ ಅವ್ರೇ ಮಾಡಿ ಕೊಟ್ಬಿಡ್ತಾರೆ, ಇಲ್ಲಿ ಅರ್ಧ ನಾವೇ ಮಾಡ್ಕೋಬೇಕು, ಹಂಗೆ ಮಾಡ್ಕೊಂಡ ಮೇಲೆ ಆ ದುಃಖ ನಮ್ದೇ ಆಗೋಗುತ್ತೆ ಅನ್ಸುತ್ತೆ.

ಅರ್ಧ ಸ್ಟಾರ್ ಕಟ್ ಮಾಡಿದ್ದು ಸೆಕೆಂಡ್ ಹಾಫ್‌ಗೆ. ಮೀರ್‌ಕ್ಯಾಟ್ ಟಿಮೋನ್, ಕಾಡುಹಂದಿ ಪುಂಬಾ ಜೋಡಿ ಜೋಕುಗಳು ಮಕ್ಕಳಿಗೆ ಓಕೆ, ನನಗೆ ಎಳೆದಂಗಾಯ್ತು.

ಸೀಟ್ ವಿಷ್ಯ ಕೇಳೋರಿಗೆ: ಕೆಳಗೆ ಸ್ಟಾಲ್ಸ್‌ನಲ್ಲಿ ದಾರಿ ಪಕ್ಕದ ಸೀಟ್ ಸಿಕ್ರೆ ಪ್ರಾಣಿಗಳು ಮೈಗೆ ತಾಗೋಷ್ಟು ಹತ್ರ ಹೋಗ್ತವೆ, ದುಡ್ಡು ಜಾಸ್ತಿ. ಮೇಲ್ಗಡೆ ಅಗ್ಗ, ಸ್ಟೇಜ್ ಪೂರ್ತಿ ಕಾಣುತ್ತೆ, ಆದ್ರೆ ಆನೆ ಬರೋ ಮಜಾ ಅರ್ಧಕ್ಕರ್ಧ ಹೋಗುತ್ತೆ. ಇಂಟರ್ವಲ್ ಸೇರಿ ಎರಡೂವರೆ ಗಂಟೆ, ತೀರಾ ಪುಟ್ಟ ಮಕ್ಕಳನ್ನ ಒಳಗೆ ಬಿಡಲ್ಲ. ಲೇಟಾಗಿ ಮಾತ್ರ ಹೋಗ್ಬೇಡಿ, ಮೊದಲ ಹತ್ತು ನಿಮಿಷಕ್ಕೇ ಟಿಕೆಟ್ ದುಡ್ಡು ವಸೂಲಿ.