ಚಳಿಗಾಲದಲ್ಲಿ ನೋಡಿ ಕೊಂಡ ಕ್ಯಾರವಾನ್, ಮಳೆಗಾಲದಲ್ಲಿ ತೋರಿಸಿದ ಬಣ್ಣ

2024ರ ಜನವರಿಯಲ್ಲಿ, ಮಂಗಳೂರಿನ ಹೊರವಲಯದ ಒಂದು ಮನೆಯ ಅಂಗಳದಲ್ಲಿ ನಿಂತಿದ್ದ ಹಳೆಯ ಕ್ಯಾರವಾನ್ ಒಂದನ್ನು ನಾನು 8,75,000 ರೂಪಾಯಿ ಕೊಟ್ಟು ಕೊಂಡೆ. ಟೆಂಪೋ ಟ್ರಾವೆಲರ್ ಗಾಡಿಯ ಆಸನಗಳನ್ನು ಕಳಚಿ, ಒಳಗೆ ಮಂಚ, ಅಡುಗೆ ಕಟ್ಟೆ, ಸಣ್ಣ ಶೌಚಾಲಯ ಮತ್ತು ಫ್ರಿಜ್ ಕೂರಿಸಿ ಮಾಡಿದ ಗಾಡಿ ಅದು. ನಿವೃತ್ತಿಯ ನಂತರ ಗೋಕರ್ಣ, ಬನವಾಸಿ, ಹಂಪಿ ಎಂದು ಹೆಂಡತಿಯೊಡನೆ ನಿಧಾನವಾಗಿ ತಿರುಗಬೇಕೆಂಬ ಆಸೆ ಬಹಳ ದಿನದಿಂದ ಇತ್ತು. ಹೊಸ ಗಾಡಿ ಕಟ್ಟಿಸುವ ಶಕ್ತಿ ಇರಲಿಲ್ಲವಾದ್ದರಿಂದ ಹಳೆಯದನ್ನು ಹುಡುಕಿದೆ. ಇಂದು ಆ ಗಾಡಿ ಉಡುಪಿ ಬಳಿಯ ಕಟಪಾಡಿಯಲ್ಲಿರುವ ನಮ್ಮ ಮನೆಯ ಹಿತ್ತಿಲಲ್ಲಿ ಟಾರ್ಪಾಲಿನ ಕೆಳಗೆ ನಿಂತಿದೆ. ಕರಾವಳಿಯಲ್ಲಿ ಇಂಥ ಗಾಡಿಯನ್ನು ಕೊಳ್ಳಲು ಯೋಚಿಸುತ್ತಿರುವವರು ನಾನು ಏನನ್ನು ನೋಡಲಿಲ್ಲ ಎಂಬುದನ್ನು ತಿಳಿದುಕೊಂಡರೆ ಸಾಕೆಂದು ಇದನ್ನು ಬರೆಯುತ್ತಿದ್ದೇನೆ.

ಗಾಡಿ ನೋಡಲು ಹೋದ ದಿನ ನನ್ನ ಭಾವನೂ ಜೊತೆಗಿದ್ದರು. ಒಳಗೆ ಕಾಲಿಟ್ಟೊಡನೆ ಹೊಸ ಸನ್‌ಮೈಕಾದ ಹೊಳಪು, ಹೊಸ ಹಾಸಿಗೆ, ನ್ಯಾಫ್ತಲಿನ್ ಗುಳಿಗೆಯ ವಾಸನೆ. ಆ ವಾಸನೆಯನ್ನು ನಾನು ಅಚ್ಚುಕಟ್ಟುತನದ ಗುರುತೆಂದು ತಿಳಿದೆ. ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮುಚ್ಚಿಟ್ಟ ಕಪಾಟನ್ನು ತೆರೆದಾಗ ಬರುವ ಮುಗ್ಗಲು ವಾಸನೆ ಈ ಊರಿನವರಾದ ನಮಗೆ ಹೊಸದಲ್ಲ. ಅದನ್ನು ಅಡಗಿಸಲು ನಮ್ಮ ಮನೆಗಳಲ್ಲಿಯೂ ಇದೇ ಗುಳಿಗೆಯನ್ನು ಇಡುತ್ತೇವೆ ಎಂಬುದು ಆ ಹೊತ್ತಿನಲ್ಲಿ ನೆನಪಾಗಲಿಲ್ಲ. ಮಾರುವವರು ದೀಪ, ಫ್ಯಾನು, ನೀರಿನ ಪಂಪು ಎಲ್ಲವನ್ನೂ ಹಾಕಿ ತೋರಿಸಿದರು. ಎಂಜಿನ್ ಚೆನ್ನಾಗಿತ್ತು, ಈಗಲೂ ಚೆನ್ನಾಗಿದೆ. ಪರಿಚಯದ ಮೆಕ್ಯಾನಿಕ್ ಒಬ್ಬರು ಸುರತ್ಕಲ್‌ವರೆಗೆ ಓಡಿಸಿ ನೋಡಿ ಒಪ್ಪಿಗೆ ಕೊಟ್ಟರು. ಅವರ ತಪ್ಪೇನೂ ಇಲ್ಲ, ನಾನು ಅವರಿಗೆ ತೋರಿಸಿದ್ದು ವಾಹನವನ್ನು ಮಾತ್ರ. ಅದರೊಳಗಿನ ಮನೆಯನ್ನು ಪರೀಕ್ಷಿಸಲು ಯಾರನ್ನೂ ಕರೆದೊಯ್ಯಲಿಲ್ಲ.

ಮೇ ಕೊನೆಯಲ್ಲಿ ಬರುವ ತುಳುವರ ಪತ್ತನಾಜೆ ಕಳೆದು ಜೂನ್ ಮೊದಲ ವಾರದಲ್ಲಿ ಮಳೆ ಹಿಡಿಯಿತು. ಮೂರನೆಯ ರಾತ್ರಿ ಗಾಡಿಯೊಳಗೆ ಹೋಗಿ ನೋಡಿದರೆ ಮಂಚದ ತಲೆಭಾಗದ ಮೂಲೆಯಲ್ಲಿ ಹಾಸಿಗೆ ಒದ್ದೆಯಾಗಿತ್ತು. ಮೇಲೆ ಚಾವಣಿಯಲ್ಲಿ ತೂತಾಗಲಿ ಕಲೆಯಾಗಲಿ ಇರಲಿಲ್ಲ. ಒಂದು ವಾರ ಅಲ್ಲಿ ಇಲ್ಲಿ ಸಿಲಿಕಾನ್ ಹಚ್ಚಿ ಸೋತ ಮೇಲೆ, ಮಲ್ಪೆಯಲ್ಲಿ ಫೈಬರ್ ದೋಣಿಗಳ ದುರಸ್ತಿ ಮಾಡುವ ಹಿರಿಯರೊಬ್ಬರನ್ನು ಭಾವ ಕರೆತಂದರು. ಅವರು ಯಾವ ಉಪಕರಣವನ್ನೂ ತೆಗೆಯದೆ, ಬೆರಳ ಗೆಣ್ಣಿನಿಂದ ಗೋಡೆಯನ್ನು ಮೇಲಿನಿಂದ ಕೆಳಕ್ಕೆ ತಟ್ಟುತ್ತ ಹೋದರು. ಹಿಂಬದಿಯ ಕಿಟಕಿಯ ಕೆಳಗೆ ಬಂದಾಗ ಸದ್ದು ಮಂದವಾಯಿತು. "ಇಲ್ಲಿ ಬರೀ ಬಣ್ಣ ಉಂಟು ಮಾರಾಯ್ರೆ, ಮರ ಇಲ್ಲ" ಎಂದು ಹೇಳಿ ಸ್ಕ್ರೂ ಡ್ರೈವರ್ ಕೇಳಿ ಪಡೆದು ಸನ್‌ಮೈಕಾದ ಅಂಚನ್ನು ಎತ್ತಿದರು. ಒಳಗಿನ ಪ್ಲೈವುಡ್ ಕಪ್ಪಾಗಿ, ಪದರ ಪದರವಾಗಿ ಬಿಟ್ಟುಕೊಂಡು, ಕೈಯಲ್ಲಿ ಹಿಡಿದರೆ ನೆನೆದ ರಟ್ಟಿನಂತೆ ಬರುತ್ತಿತ್ತು.

ನೀರು ಒಳಗೆ ಬಂದದ್ದು ಆ ಕಿಟಕಿಯಿಂದಲ್ಲ ಎಂಬುದು ನನಗೆ ಹೊಸ ಪಾಠ. ಚಾವಣಿಯ ಮುಂಭಾಗದಲ್ಲಿ ಗಾಳಿಕಿಂಡಿಯನ್ನು ಕೂರಿಸಲು ತಗಡನ್ನು ಕತ್ತರಿಸಿದ್ದರು. ಸೋಲಾರ್ ಫಲಕದ ಚೌಕಟ್ಟಿಗಾಗಿ ಎಂಟು ಕಡೆ ಕೊರೆದಿದ್ದರು. ಅಲ್ಲಿಂದ ಇಳಿದ ನೀರು ತಗಡು ಮತ್ತು ಒಳಹಲಗೆಯ ನಡುವಿನ ಕಬ್ಬಿಣದ ಪಟ್ಟಿಯನ್ನು ಹಿಡಿದು ಹಿಂದಕ್ಕೆ ಹರಿದು, ಮಂಚದ ಬಳಿ ನಿಲ್ಲುತ್ತಿತ್ತು. ಗಾಡಿ ಅಂಗಳದಲ್ಲಿ ಸ್ವಲ್ಪ ಹಿಂದಕ್ಕೆ ವಾಲಿ ನಿಂತಿದ್ದುದೂ ಇದಕ್ಕೆ ಕಾರಣವಾಗಿತ್ತು. ಏಣಿ ಹಾಕಿ ಮೇಲೆ ನೋಡಿದಾಗ ಕಿಂಡಿಯ ಸುತ್ತ ಸಿಲಿಕಾನ್ ಮೇಲೆ ಸಿಲಿಕಾನ್, ನಾಲ್ಕು ಬೇರೆ ಬೇರೆ ಬಣ್ಣಗಳಲ್ಲಿ. ಎಂದರೆ ನನಗಿಂತ ಮೊದಲು ಕನಿಷ್ಠ ನಾಲ್ಕು ಸಲ ಯಾರೋ ಇದೇ ಸೋರಿಕೆಯೊಡನೆ ಹೋರಾಡಿದ್ದರು. ಜನವರಿಯಲ್ಲಿ ನಾನು ಏಣಿಯನ್ನೇ ಕೇಳಿರಲಿಲ್ಲ.

ಆದ್ದರಿಂದ ನನ್ನ ಮೊದಲ ಮಾತು ಇಷ್ಟೇ: ನಮ್ಮ ಊರಿನಲ್ಲಿ ಇಂಥ ಗಾಡಿಯನ್ನು ನೋಡಬೇಕಾದ ಕಾಲ ಜೂನ್, ಜುಲೈ. ಒಳ್ಳೆಯ ಮಳೆ ಹೊಯ್ದ ಮರುದಿನ ಬೆಳಿಗ್ಗೆ ಹೇಳದೆ ಹೋಗಿ ನೋಡುವುದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ಅಲ್ಲಿಯವರೆಗೆ ಕಾಯಲಾಗದಿದ್ದರೆ ತೋಟಕ್ಕೆ ನೀರು ಬಿಡುವ ಪೈಪಿನಿಂದ ಅರ್ಧ ಗಂಟೆ ಚಾವಣಿಯ ಮೇಲೆ ನೀರು ಬಿಡಿಸಿ, ಒಬ್ಬರು ಟಾರ್ಚು ಹಿಡಿದು ಒಳಗೆ ಕುಳಿತು ಪ್ರತಿಯೊಂದು ಕಪಾಟಿನ ಮೇಲ್ಮೂಲೆಯನ್ನೂ ನೋಡಬೇಕು. ಸರ್ವಿಸ್ ಸ್ಟೇಷನ್ನಿನ ಒತ್ತಡದ ನೀರು ಬೇಡ, ಅದು ಸಂದುಗಳಲ್ಲಿ ಸರಿಯಾಗಿರುವ ಸಿಲಿಕಾನನ್ನೂ ಕೀಳಬಹುದು. ಇದಕ್ಕೆ ಒಪ್ಪದ ಮಾರಾಟಗಾರರ ಗಾಡಿಯನ್ನು ನಾನಾಗಿದ್ದರೆ ಅಲ್ಲಿಗೇ ಬಿಟ್ಟು ಬರುತ್ತೇನೆ.

ಮರದ ತೇವವನ್ನು ಅಳೆಯುವ ಸಣ್ಣ ಮೀಟರ್ ಸಿಗುತ್ತದೆ. ಅದರ ಎರಡು ಮುಳ್ಳುಗಳನ್ನು ಹಲಗೆಗೆ ಒತ್ತಿದರೆ ಶೇಕಡಾ ಲೆಕ್ಕದಲ್ಲಿ ತೇವವನ್ನು ತೋರಿಸುತ್ತದೆ. ಕಡಲ ಬದಿಯ ಗಾಳಿಯಲ್ಲಿಯೇ ತೇವ ಇರುವುದರಿಂದ ಒಂದೇ ಕಡೆಯ ಅಂಕಿಯನ್ನು ನೋಡಿ ಗಾಬರಿಯಾಗಬೇಕಿಲ್ಲ. ಗೋಡೆಯ ಮಧ್ಯಭಾಗ ಮತ್ತು ಕಿಟಕಿಯ ಮೂಲೆ ಎರಡನ್ನೂ ಅಳೆದು ಹೋಲಿಸಬೇಕು. ನನ್ನ ಗಾಡಿಯಲ್ಲಿ ಮಧ್ಯದಲ್ಲಿ 14 ಇದ್ದದ್ದು ಹಿಂಬದಿಯ ಮೂಲೆಯಲ್ಲಿ 30 ದಾಟಿತ್ತು. ಮೀಟರ್ ಇಲ್ಲದವರಿಗೆ ಹೆಬ್ಬೆರಳು ಸಾಕು. ಕಿಟಕಿಯ ಕೆಳಗೆ, ಬಾಗಿಲಿನ ಮೆಟ್ಟಿಲ ಬಳಿ, ಶೌಚಾಲಯದ ಹೊರಗೋಡೆಯ ಬುಡದಲ್ಲಿ ಒತ್ತಿ ನೋಡಬೇಕು. ಹಾಸಿಗೆಯನ್ನು ಎತ್ತಿಸಿ ಅಡಿಯ ಹಲಗೆಯ ಸ್ಕ್ರೂ ತಲೆಗಳು ತುಕ್ಕು ಹಿಡಿದಿವೆಯೇ ಎಂದು ನೋಡಬೇಕು. ಇಡೀ ಗಾಡಿ ಹಳೆಯದಾಗಿದ್ದು ಒಂದೇ ಗೋಡೆಗೆ ಹೊಸ ಸನ್‌ಮೈಕಾ ಅಂಟಿಸಿದ್ದರೆ ಅದು ಏಕೆಂದು ಕೇಳಬೇಕು. ಬಳಸಿದ ಪ್ಲೈವುಡ್ ಯಾವುದೆಂಬುದೂ ಮುಖ್ಯ. ಹಲಗೆಯ ಹಿಂಬದಿಯಲ್ಲಿ ಐಎಸ್ 710 ಎಂದಿದ್ದರೆ ಅದು ನೀರಿಗೆ ತಡೆಯುವ ಮರೈನ್ ಪ್ಲೈ. ಐಎಸ್ 303 ಎಂದಿದ್ದರೆ ಸಾಮಾನ್ಯ ಪೀಠೋಪಕರಣದ್ದು. ನನ್ನ ಗಾಡಿಯ ಹಲಗೆಯ ಮೇಲೆ ಎರಡೂ ಇರಲಿಲ್ಲ.

ಗಾಡಿಯ ಅಡಿಭಾಗದ ಕಥೆ ಬೇರೆ. ಚಾಸಿಸ್‌ಗೆ ಕಪ್ಪು ಬಣ್ಣ ಹೊಸದಾಗಿ ಬಳಿದದ್ದನ್ನು ನೋಡಿ ಒಳ್ಳೆಯ ಆರೈಕೆ ಎಂದುಕೊಂಡಿದ್ದೆ. ನಂತರ ಟಿಂಕರಿಂಗ್ ಮಾಡುವವರು ಅಡ್ಡಪಟ್ಟಿಯ ತೂತಿಗೆ ಸ್ಕ್ರೂ ಡ್ರೈವರ್ ಹಾಕಿ ತಿರುಗಿಸಿದಾಗ ಬೊಗಸೆ ತುಂಬ ಮರಳು ಬಿತ್ತು. ಗಾಡಿ ಬಹಳ ಕಾಲ ಕಡಲ ತೀರದಲ್ಲಿ ವಾಸ್ತವ್ಯಕ್ಕೆ ಬಾಡಿಗೆಗೆ ನಿಂತಿತ್ತು ಎಂಬುದು ಆಮೇಲೆ ತಿಳಿಯಿತು. ಉಪ್ಪು ಮರಳು ತೇವವನ್ನು ಹಿಡಿದಿಟ್ಟು ಕಬ್ಬಿಣವನ್ನು ಒಳಗಿನಿಂದ ತಿನ್ನುತ್ತದೆ, ಹೊರಗಿನ ಬಣ್ಣ ಅದನ್ನು ಮುಚ್ಚುತ್ತದೆ. ಹೊಸ ಬಣ್ಣ ಇದ್ದಲ್ಲಿ ಸುತ್ತಿಗೆಯಿಂದ ಹಗುರವಾಗಿ ತಟ್ಟಿದಾಗ ಪದರು ಉದುರಿದರೆ ಅಥವಾ ಸದ್ದು ಒಡೆದಂತೆ ಬಂದರೆ ಅಲ್ಲಿ ತುಕ್ಕು ಇದೆ ಎಂದೇ ತಿಳಿಯಬೇಕು.

ಟಯರಿನ ಹಲ್ಲು ಹೊಸದರಂತಿತ್ತು. ನಿಂತ ಗಾಡಿಯ ಟಯರಿಗೆ ಸವೆತ ಇರುವುದಿಲ್ಲ, ವಯಸ್ಸು ಮಾತ್ರ ಆಗುತ್ತದೆ. ಪಕ್ಕದ ಗೋಡೆಯಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ನನ್ನದರಲ್ಲಿ 1815 ಎಂದಿತ್ತು, ಅಂದರೆ 2015ರ ಹದಿನೆಂಟನೆಯ ವಾರ. ಬ್ಯಾಟರಿಯಲ್ಲಿಯೂ ಹೀಗೆಯೇ ಮೋಸಹೋದೆ. ಮಾರುವವರು ಎಲ್ಲವನ್ನೂ ತೋರಿಸಿದಾಗ ಗಾಡಿಗೆ ಮನೆಯ ಕರೆಂಟಿನ ತಂತಿ ಸಿಕ್ಕಿಸಿಯೇ ಇತ್ತು. ಹಿಂದಿನ ರಾತ್ರಿಯೇ ಅದನ್ನು ಕಳಚಿಡಲು ಹೇಳಿ, ಬೆಳಿಗ್ಗೆ ವೋಲ್ಟ್ ಮೀಟರ್ ಹಿಡಿದರೆ ಒಳ್ಳೆಯ ಲೆಡ್ ಆಸಿಡ್ ಬ್ಯಾಟರಿ 12.6 ವೋಲ್ಟ್‌ನ ಆಸುಪಾಸು ತೋರಿಸಬೇಕು. 12.2ಕ್ಕೆ ಇಳಿದಿದ್ದರೆ ಅದು ಆಗಲೇ ಸುಮಾರು ಅರ್ಧ ಖಾಲಿ. ಆಮೇಲೆ ಫ್ರಿಜ್ ಮತ್ತು ಫ್ಯಾನನ್ನು ಎರಡು ಗಂಟೆ ಓಡಿಸಿ ನೋಡಬೇಕು.

ಗ್ಯಾಸಿನ ವಿಷಯದಲ್ಲಿ ಮಾತ್ರ ಉಳಿತಾಯದ ಯೋಚನೆಯೇ ಬೇಡ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಸಂಗ್ರಹವಾಗುತ್ತದೆ. ಆದ್ದರಿಂದ ಸಿಲಿಂಡರ್ ಇಡುವ ಪೆಟ್ಟಿಗೆಯ ತಳದಲ್ಲಿ ಹೊರಕ್ಕೆ ತೂತು ಇರಲೇಬೇಕು. ನನ್ನ ಗಾಡಿಯಲ್ಲಿ ತೂತು ಪೆಟ್ಟಿಗೆಯ ಮೇಲ್ಭಾಗದಲ್ಲಿತ್ತು, ರಬ್ಬರ್ ಕೊಳವೆಯ ಅವಧಿ ಎಂದೋ ಮುಗಿದಿತ್ತು.

ತೂಕವನ್ನು ಯಾರೂ ನೋಡುವುದಿಲ್ಲ, ನಾನೂ ನೋಡಲಿಲ್ಲ. 100 ಲೀಟರ್ ನೀರೆಂದರೆ 100 ಕಿಲೋ. ಅದಕ್ಕೆ ಬ್ಯಾಟರಿ, ಹಲಗೆ, ಸಿಲಿಂಡರ್ ಎಲ್ಲವೂ ಸೇರುತ್ತವೆ. ಟ್ಯಾಂಕ್ ತುಂಬಿಸಿ ವೇಬ್ರಿಜ್ ಮೇಲೆ ನಿಲ್ಲಿಸಿದಾಗ, ಆರ್‌ಸಿಯಲ್ಲಿರುವ (ನೋಂದಣಿ ಪತ್ರದಲ್ಲಿರುವ) ಒಟ್ಟು ತೂಕದ ಮಿತಿಯನ್ನು ನಮ್ಮ ಬಟ್ಟೆಬರೆ ಹೇರುವ ಮೊದಲೇ ಗಾಡಿ 210 ಕಿಲೋ ಮೀರಿತ್ತು. ಇದೇ ಸ್ಥಿತಿಯಲ್ಲಿ ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಇಳಿಯುವ ಯೋಜನೆ ಹಾಕಿಕೊಂಡಿದ್ದೆ ಎಂಬುದನ್ನು ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ. ಕಾರಿನ ಹಿಂದೆ ಎಳೆಯುವ ಟ್ರೈಲರ್ ಮಾದರಿಯನ್ನು ನೋಡುವವರು ಇನ್ನೊಂದು ತೂಕವನ್ನೂ ಕೇಳಬೇಕು. ಕೊಕ್ಕೆಯ ಮೇಲೆ ಬೀಳುವ ಭಾರ ಟ್ರೈಲರಿನ ಒಟ್ಟು ತೂಕದ ಶೇ. 10ರಿಂದ 15ರಷ್ಟು ಇರಬೇಕು. ಅದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಹಿಂಬದಿ ಬಾಲದಂತೆ ಅತ್ತಿತ್ತ ಬಡಿದಾಡುತ್ತದೆ. ಟ್ರೈಲರಿಗೂ ಪ್ರತ್ಯೇಕ ನೋಂದಣಿ ಬೇಕು.

ಸೋರಿಕೆಗಿಂತ ಹೆಚ್ಚಿಗೆ ನನ್ನನ್ನು ದಣಿಸಿದ್ದು ಕಾಗದಗಳು. ಗಾಡಿ ಮಾರಿದವರು ಅದರ ನೋಂದಾಯಿತ ಮಾಲೀಕರೇ ಆಗಿರಲಿಲ್ಲ. ಅವರು ಮೂರು ವರ್ಷದ ಹಿಂದೆ ಹುಬ್ಬಳ್ಳಿಯ ಕಡೆಯ ಒಬ್ಬರಿಂದ ಕೊಂಡು, ಮಾಲೀಕತ್ವ ವರ್ಗಾಯಿಸುವ 29 ಮತ್ತು 30ನೆಯ ನಮೂನೆಗಳನ್ನು, ಸಹಿ ಮಾತ್ರ ಮಾಡಿಸಿ ಖಾಲಿಯಾಗಿ, ಹಾಗೆಯೇ ಇಟ್ಟುಕೊಂಡಿದ್ದರು. ಕಾನೂನಿನ ಪ್ರಕಾರ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ಆರ್‌ಟಿಒಗೆ ತಿಳಿಸಬೇಕು. ನಡುವೆ ಅಪಘಾತವಾದರೆ ದಾಖಲೆಯಲ್ಲಿ ಹೆಸರಿರುವ ಮಾಲೀಕರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಮೊದಲ ಮಾಲೀಕರ ಬ್ಯಾಂಕ್ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಅದರ ಒತ್ತೆ ಹಾಗೆಯೇ ಉಳಿದಿತ್ತು. ಅದನ್ನು ತೆಗೆಸಲು 35ನೆಯ ನಮೂನೆಗೆ ಬ್ಯಾಂಕಿನ ಸಹಿ ಬೇಕು, ಅದಕ್ಕೆ ಹುಬ್ಬಳ್ಳಿಗೆ ಎರಡು ಸಲ ಹೋಗಿ ಬಂದೆ. ಇವೆಲ್ಲ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿಯ ಸಂಖ್ಯೆ ಹಾಕಿದ್ದರೆ ಮುಂಗಡ ಕೊಡುವ ಮೊದಲೇ ಬಹುಮಟ್ಟಿಗೆ ಕಾಣುತ್ತಿದ್ದವು. ಕಾಸರಗೋಡು ಹತ್ತಿರವೆಂದು ಅಲ್ಲಿಯ ಗಾಡಿಯನ್ನು ನೋಡುವವರು 28ನೆಯ ನಮೂನೆಯ ನಿರಾಕ್ಷೇಪಣಾ ಪತ್ರವನ್ನೂ, ಕರ್ನಾಟಕದಲ್ಲಿ ಕಟ್ಟಬೇಕಾದ ತೆರಿಗೆಯನ್ನೂ ಬೆಲೆಗೆ ಸೇರಿಸಿಯೇ ಚೌಕಾಸಿಗೆ ಕೂರಬೇಕು.

ಎಲ್ಲಕ್ಕಿಂತ ದೊಡ್ಡ ತೊಡಕು ಇನ್ನೂ ಬಿಡಿಸಿಲ್ಲ. ಆರ್‌ಸಿಯಲ್ಲಿ ಆಸನಗಳು ಚಾಲಕನೂ ಸೇರಿ 13, ಗಾಡಿಯೊಳಗೆ ಇರುವುದು 4. ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. ಕ್ಯಾರವಾನ್‌ಗಳಿಗೆಂದೇ ಎಐಎಸ್ 124 ಎಂಬ ಮಾನದಂಡವಿದ್ದು, ಅದರಂತೆ ಅನುಮೋದನೆ ಪಡೆದು ಕಟ್ಟಿದ ಗಾಡಿಯ ಆರ್‌ಸಿಯಲ್ಲಿ ವಾಹನದ ವರ್ಗವೇ ಕ್ಯಾಂಪರ್ ವ್ಯಾನ್ ಅಥವಾ ಮೋಟಾರ್ ಕ್ಯಾರವಾನ್ ಎಂದಿರುತ್ತದೆ. ನನ್ನದು ಯಾವುದೋ ಶೆಡ್ಡಿನಲ್ಲಿ ಅನುಮತಿಯಿಲ್ಲದೆ ಕಟ್ಟಿದ್ದು. ವಿಮೆಯೂ ಪ್ರಯಾಣಿಕರ ವಾಹನವೆಂದೇ ಇದ್ದುದರಿಂದ, ಒಳಗಿನ ಮನೆಗೆ ಏನಾದರೂ ಆದರೆ ಪರಿಹಾರ ಸಿಗುವ ಭರವಸೆಯಿಲ್ಲ. ಹೆಸರು ಬದಲಾವಣೆಗೆ ಕೊಟ್ಟ ಅರ್ಜಿ ಪರಿಶೀಲನೆಯ ದಿನವೇ ಹಿಂದಕ್ಕೆ ಬಂತು. ಬೇರೇನನ್ನೂ ನೋಡಲು ಪುರಸೊತ್ತಿಲ್ಲದವರು ಆರ್‌ಸಿಯ ಈ ಒಂದು ಸಾಲನ್ನಾದರೂ ಓದಬೇಕು.

ಮಾರಿದವರಿಗೆ ಕರೆ ಮಾಡಿದಾಗ, "ನೋಡಿಯೇ ತೆಗೊಂಡದ್ದಲ್ವಾ ನೀವು" ಎಂದರು. ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಕೊಳೆತ ಹಲಗೆ ಕಿತ್ತು ಹೊಸದು ಹಾಕಲು, ಚಾವಣಿಗೆ ಫೈಬರ್ ಹೊದಿಸಲು, ಅಡ್ಡಪಟ್ಟಿ ಬದಲಿಸಲು, ಟಯರು ಮತ್ತು ಬ್ಯಾಟರಿಗೆ ಈವರೆಗೆ 2,60,000 ರೂಪಾಯಿ ಖರ್ಚಾಗಿದೆ. ಚಾವಣಿ ಈಗ ಸೋರುವುದಿಲ್ಲ; ಮಲ್ಪೆಯ ಹಿರಿಯರು ದೋಣಿಗೆ ಹಚ್ಚುವಂತೆಯೇ ಮೂರು ಪದರ ಹಚ್ಚಿ, ನೀರು ಬಿಟ್ಟು ತೋರಿಸಿದ ಮೇಲೆಯೇ ಹಣ ಪಡೆದರು. ಕಳಚಿ ಹಾಕಿದ ಹಳೆಯ ಆಸನಗಳು ಎಲ್ಲಿವೆ ಎಂದು ಹುಬ್ಬಳ್ಳಿಯ ಮಾಲೀಕರನ್ನು ಕೇಳಿದ್ದೇನೆ. ಗುಜರಿಗೆ ಹಾಕಿದ ನೆನಪು ಎಂದಿದ್ದಾರೆ.