ಪೈಪ್‌ಲೈನ್ ಎದುರು ನಗರಸಭೆ: ಬೈಲಾ ಹಿಡಿಯಬೇಕೇ, ಅನುಮೋದನೆಯನ್ನೇ ಪ್ರಶ್ನಿಸಬೇಕೇ?

ಕೆನಡಾದಲ್ಲಿ ಪ್ರಾಂತ್ಯಗಳ ಗಡಿ ದಾಟುವ ಪೈಪ್‌ಲೈನ್ ಒಕ್ಕೂಟ ಸರ್ಕಾರದ ಅಧಿಕಾರಕ್ಕೆ ಸೇರಿದ್ದು. ಬೈಲಾವನ್ನೇ ನೆಚ್ಚಿಕೊಂಡ ನಗರಸಭೆ ಮೊದಲು ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಬರ್ನಬಿ ನಗರದತ್ತ ನೋಡಬೇಕು. ಟ್ರಾನ್ಸ್ ಮೌಂಟನ್ ತೈಲ ಪೈಪ್‌ಲೈನ್ ವಿಸ್ತರಣೆಯ ಸಮೀಕ್ಷೆಗಾಗಿ ಕಂಪನಿ ಮರ ಕಡಿದಾಗ ನಗರ ತನ್ನ ಉದ್ಯಾನ ಬೈಲಾವನ್ನು ಮುಂದೊಡ್ಡಿತು. 2014ರಲ್ಲಿ ಪೈಪ್‌ಲೈನ್‌ಗಳ ಒಕ್ಕೂಟ ನಿಯಂತ್ರಕವಾಗಿದ್ದ ರಾಷ್ಟ್ರೀಯ ಇಂಧನ ಮಂಡಳಿ ಅದನ್ನು ಬದಿಗೆ ಸರಿಸಿತು. 2017ರಲ್ಲಿ ನಗರದ ಪರವಾನಗಿ ತಡವಾದಾಗಲೂ ಕಂಪನಿಗೆ ಬೈಲಾದಿಂದ ವಿನಾಯಿತಿ ಸಿಕ್ಕಿತು.

ಯೋಜನೆಗೆ ಒಕ್ಕೂಟ ಸರ್ಕಾರ ಕೊಟ್ಟ ಅನುಮೋದನೆಯನ್ನೇ ನ್ಯಾಯಾಲಯದಲ್ಲಿ ಪ್ರಶ್ನಿಸುವ ದಾರಿ ದೀರ್ಘ, ದುಬಾರಿ. ಆದರೂ ಪೆಟ್ಟು ಬಿದ್ದದ್ದು ಅಲ್ಲಿಯೇ: 2018ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಟ್ರಾನ್ಸ್ ಮೌಂಟನ್ ವಿಸ್ತರಣೆಯ ಅನುಮೋದನೆಯನ್ನು ರದ್ದುಪಡಿಸಿತು. ಅರ್ಜಿದಾರರಲ್ಲಿ ಬರ್ನಬಿಯೂ ಇತ್ತು. ಆದರೆ ತೀರ್ಪನ್ನು ನಿರ್ಧರಿಸಿದ್ದು ಮೂಲನಿವಾಸಿಗಳೊಂದಿಗಿನ ಸಮಾಲೋಚನೆಯ ಲೋಪ ಮತ್ತು ಟ್ಯಾಂಕರ್ ಹಡಗುಗಳ ಸಂಚಾರವನ್ನು ಪರಿಶೀಲನೆಯಿಂದ ಹೊರಗಿಟ್ಟದ್ದು. 2019ರಲ್ಲಿ ಮತ್ತೆ ಅನುಮೋದನೆ ಬಂತು, ನಿಜ. ಆದರೂ ನಾನು ಎರಡನೆಯ ದಾರಿಯನ್ನೇ ಹಿಡಿಯುತ್ತೇನೆ, ಅದೂ ಮೂಲನಿವಾಸಿ ಸಮುದಾಯಗಳ ಜೊತೆಗೂಡಿ.