ಟಗರುಮರಿ ಮೇಯಿಸೋಕೆ ಕಿಸಾನ್ ಕ್ರೆಡಿಟ್ ಕಾರ್ಡ್: ಒಂದು ಬಕ್ರೀದ್ ಮಾರಾಟದ ಅನುಭವ

ಕುಷ್ಟಗಿ ಕಡೆ ನಮ್ಮದು ಒಣಬೇಸಾಯ. 2025ರ ಬಕ್ರೀದ್‌ಗೆ ಅಂತ 20 ಕೆಂಗುರಿ ಟಗರುಮರಿ ಕಟ್ಟಿ ಮೇಯಿಸಿದೆ. ಅದಕ್ಕೆ ಪಶುಸಂಗೋಪನೆಯ ಕಿಸಾನ್ ಕ್ರೆಡಿಟ್ ಕಾರ್ಡ್ ಮಾಡಿಸಿದ್ದೆ.

ಒಂದು ವಿಷಯ ಮೊದಲೇ ತಿಳ್ಕೊಳ್ಳಿ. ಈ ಕಾರ್ಡ್ ಇರುವುದು ಮೇವು, ಹಿಂಡಿ, ಔಷಧಿ, ಕೂಲಿ, ನೀರು, ಕರೆಂಟ್ ಖರ್ಚಿಗೆ. ಮರಿ ಕೊಳ್ಳೋಕೆ, ಶೆಡ್ ಕಟ್ಟೋಕೆ ಬೇರೆ ಸಾಲ ಕೇಳಬೇಕು. ಆದರೆ ನಮ್ಮ ಕೆಲಸದಲ್ಲಿ ದೊಡ್ಡ ಖರ್ಚೇ ಮರಿ, ಅಲ್ವಾ? ಶೇಂಗಾ ಮಾರಿದ ದುಡ್ಡು ಕೈಯಲ್ಲಿತ್ತು, ತಲಾ 5,500 ರೂಪಾಯಿ ಕೊಟ್ಟು ತಂದೆ. ಅದಿಲ್ಲದಿದ್ದರೆ ಕಾರ್ಡ್ ಇದ್ದೂ ಪ್ರಯೋಜನವಿರಲಿಲ್ಲ.

ಬಡ್ಡಿ ಮಾತ್ರ ನಿಜಕ್ಕೂ ಕಮ್ಮಿ. 2 ಲಕ್ಷದವರೆಗೆ ವರ್ಷಕ್ಕೆ 7%. ಹೇಳಿದ ದಿನದೊಳಗೆ ಕಟ್ಟಿದರೆ 3% ರಿಯಾಯಿತಿ, ಕೊನೆಗೆ 4% ಬೀಳುತ್ತದೆ. ತೆಗೆದ ದುಡ್ಡಿಗೆ, ತೆಗೆದ ದಿನದಿಂದ ಅಷ್ಟೇ ಬಡ್ಡಿ. ಹಾಗಾಗಿ 30,000 ರೂಪಾಯಿಯನ್ನು ಒಟ್ಟಿಗೆ ತೆಗೆಯದೆ, ಹಿಂಡಿ ಮುಗಿದಾಗೆಲ್ಲ ಒಂದಿಷ್ಟು ಅಂತ ಮೂರು ಸಲ ತೆಗೆದೆ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಸಾಹುಕಾರರ ಹತ್ತಿರ ಹೋಗುವುದು ತಪ್ಪಿತು.

ಬ್ಯಾಂಕ್ ಶಾಖೆಯಲ್ಲಿ ಬೇಜಾರಾಯಿತು. ಈಗ 2 ಲಕ್ಷದವರೆಗೆ ಅಡಮಾನ ಬೇಡ ಅಂತ ರಿಸರ್ವ್ ಬ್ಯಾಂಕ್ ನಿಯಮವೇ ಇದೆ. ಆದರೂ ಹೊಲ ಬರೆದುಕೊಡಿ ಅಂದರು. ನಿಯಮದ ಕಾಗದ ತೋರಿಸಿದ ಮೇಲೆ ಬಿಟ್ಟರು. ಮೂರು ದಿನದ ಕೆಲಸ ಹಾಳಾಯಿತು. ಬಡವರನ್ನು ಹೀಗೆ ಅಲೆದಾಡಿಸಬಾರದು.

ಒಂದು ಮರಿ ಸತ್ತಿತು. ರಾತ್ರಿ ಜೋಳದ ಚೀಲದ ಬಾಯಿ ಕಟ್ಟಿರಲಿಲ್ಲ, ಹಗ್ಗ ಬಿಚ್ಚಿಕೊಂಡು ಹೊಟ್ಟೆ ತುಂಬ ಕಾಳು ತಿಂದಿತ್ತು. ಬೆಳಗ್ಗೆ ಹೊಟ್ಟೆ ಉಬ್ಬಿ, ಹಲ್ಲು ಕಡಿಯುತ್ತಾ ಬಿದ್ದಿತ್ತು. ನಿಮಗೂ ಹೇಳ್ತೀನಿ, ಕಾಳನ್ನು ದಿನ ದಿನ ಸ್ವಲ್ಪ ಸ್ವಲ್ಪವೇ ಏರಿಸಿ. ಕಾಳು ಜಾಸ್ತಿಯಾದಾಗ ಬರುವ ಕರುಳುಬೇನೆಯ ಲಸಿಕೆ ತಪ್ಪಿಸಬೇಡಿ.

ಮಿಕ್ಕ 19 ಮರಿಗಳು 100 ದಿನದಲ್ಲಿ 13 ಕೆಜಿಯಿಂದ ಸುಮಾರು 27ಕ್ಕೆ ಬಂದವು. ಕೊಳ್ಳುವವರು ತೂಕಕ್ಕಿಂತ ಮೊದಲು ಬೆನ್ನ ಮೇಲೆ ಹೆಬ್ಬೆರಳು ಒತ್ತಿ ನೋಡಿದರು. ಎಲುಬು ಕೈಗೆ ಸಿಗಲಿಲ್ಲ, ಆಮೇಲೇ ರೇಟಿನ ಮಾತು. ಸರಾಸರಿ 9,500 ಸಿಕ್ಕಿತು. ಮರಿ, ಮೇವು, ಲಸಿಕೆ, ಗಾಡಿ ಎಲ್ಲ ಕಳೆದು ಸುಮಾರು 40,000 ಉಳಿಯಿತು. ನಮ್ಮ ಮನೆಯವರ ದುಡಿಮೆ ಇದರಲ್ಲಿ ಲೆಕ್ಕ ಹಾಕಿಲ್ಲ.

ಮತ್ತೆ ಕಾರ್ಡ್ ಬಳಸುತ್ತೇನೆ. ಬಕ್ರೀದ್ ಪ್ರತಿ ವರ್ಷ ಸುಮಾರು 11 ದಿನ ಮುಂಚೆ ಬರುತ್ತದೆ, ಮರಿ ಕಟ್ಟುವ ದಿನವೂ ಅಷ್ಟೇ ಮುಂಚೆ ಸರಿಯಬೇಕು. ಈ ಸಲ ಚೀಲದ ಬಾಯಿಗೆ ಗಟ್ಟಿ ಹಗ್ಗ ತಂದಿಟ್ಟಿದ್ದೇನೆ.